ಆಫೀಸಿನ ಒತ್ತಡಕ್ಕೆ ಜಾಗ ಕೊಡುವುದು ಹೇಗೆ?

ಐಟಿ ಕಂಪನಿ, ಬ್ಯಾಂಕು, ಆಸ್ಪತ್ರೆ, ಎಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣಕ್ಕೆ ಗಮನ ಕೊಡುವ ಅಭ್ಯಾಸದ ತರಗತಿ ನಡೆಸಿದರೂ ಹತ್ತು ನಿಮಿಷ ಕೂತೆದ್ದ ಮೇಲೆ ಒಂದು ಮಾತು ಬಂದೇ ಬರುತ್ತದೆ: ‘ಮೇಡಂ, ನನಗೆ ವರ್ಕ್ ಆಗ್ಲಿಲ್ಲ. ಟೆನ್ಷನ್ ಹಾಗೇ ಇದೆ.’ ಹೇಳುವವರು ಶ್ರದ್ಧೆಯಿಂದಲೇ ಕೂತಿರುತ್ತಾರೆ. ಆದರೆ ಆ ಹತ್ತು ನಿಮಿಷವೂ ಟೆನ್ಷನ್ ಇಳಿಯಿತೇ, ಈಗಲಾದರೂ ಇಳಿಯಿತೇ ಎಂದು ಒಳಗೊಳಗೇ ಕಾದಿರುತ್ತಾರೆ. ಹಾಗೆ ಕಾಯುವುದೇ ಇನ್ನೊಂದು ಟೆನ್ಷನ್. ಬಹಳ ಜನ ಕೈಬಿಡುವುದು ಇಲ್ಲಿಯೇ. ಅದಕ್ಕೇ ಈ ಲೇಖನದ ಐದು ಹಂತಗಳಲ್ಲಿ ಮೂರನೆಯದಕ್ಕೆ, ಬಂದ ಭಾವಕ್ಕೆ ಜಾಗ ಕೊಡುವುದಕ್ಕೆ, ಅರ್ಧದಷ್ಟು ಜಾಗ ಕೊಟ್ಟಿದ್ದೇನೆ. ಉಳಿದದ್ದು ಸುಲಭ.

ನಾನು ಹೇಳಿಕೊಡುವ ಪದ್ಧತಿಯ ಹೆಸರು ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ, ಚಿಕ್ಕದಾಗಿ ‘ಆ್ಯಕ್ಟ್’. 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ನೋವಿನ ಯೋಚನೆ, ಭಯ, ಬೇಸರ ಎಲ್ಲರಿಗೂ ಬರುತ್ತವೆ. ಅವುಗಳ ಜೊತೆ ಗುದ್ದಾಡುವುದರಲ್ಲೇ ನಮ್ಮ ಶಕ್ತಿ ಸೋರಿಹೋಗುತ್ತದೆ. ಆ ಶಕ್ತಿಯನ್ನು ನಮಗೆ ಮುಖ್ಯವಾದ ಕೆಲಸಕ್ಕೆ ತಿರುಗಿಸಬೇಕು ಎಂಬುದು ಇದರ ತಿರುಳು. ಇದು ಆಫೀಸಿಗೆ ಬಂದದ್ದೂ ಹೊಸದೇನಲ್ಲ. ಬ್ರಿಟನ್ನಿನ ಫ್ರ್ಯಾಂಕ್ ಬಾಂಡ್ ಮತ್ತು ಡೇವಿಡ್ ಬನ್ಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಾಧ್ಯಮ ಸಂಸ್ಥೆಯ 90 ಉದ್ಯೋಗಿಗಳಿದ್ದರು. ಒಂದು ಗುಂಪಿಗೆ ‘ಆ್ಯಕ್ಟ್’ ಕಲಿಸಿದರು, ಇನ್ನೊಂದಕ್ಕೆ ಒತ್ತಡ ತರುವ ಸಂಗತಿಗಳನ್ನೇ ಗುರುತಿಸಿ ಬದಲಾಯಿಸುವುದನ್ನು ಕಲಿಸಿದರು. ಎರಡೂ ಗುಂಪುಗಳಿಗೆ ಲಾಭವಾಯಿತು, ಎರಡಕ್ಕೂ ಬೇರೆ ಬೇರೆ ದಾರಿಯಿಂದ. ಈ ಫಲಿತಾಂಶ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಂತ 1: ಇದು ಬರ್ನ್‌ಔಟೇ ಎಂದು ನೋಡಿಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿತು. ಮೈಮನಸ್ಸು ಬರಿದಾದಂಥ ದಣಿವು, ಕೆಲಸದ ಬಗ್ಗೆ ಕಹಿ ಅಥವಾ ‘ಏನಾದರೂ ಆಗಲಿ’ ಎಂಬ ದೂರ, ಮತ್ತು ಮಾಡಿದ್ದೆಲ್ಲ ವ್ಯರ್ಥ ಎನಿಸುವುದು. ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಲಿಲ್ಲ. ಸರಿಯಾಗಿ ನಿಭಾಯಿಸದೇ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿತು. ಆದರೆ ಬರೀ ದಣಿವೇ ಇದ್ದರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಕ್ತಹೀನತೆಯನ್ನು ಧ್ಯಾನದಿಂದ ಸರಿಪಡಿಸಲು ಆಗುವುದಿಲ್ಲ.

ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕೇ ಬೇಡ ಅನಿಸುತ್ತಿದೆ ಎಂದಾದರೆ ಈ ಲೇಖನ ಅಲ್ಲಿಗೇ ಬಿಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಳೆಯ ಆಘಾತದ ನೆನಪುಗಳು ಕಾಡುವವರೂ ಒಬ್ಬರೇ ಕೂತು ಇದನ್ನು ಪ್ರಯೋಗಿಸಬೇಡಿ, ತಜ್ಞರ ಜೊತೆ ಮಾಡಿ.

ಹಂತ 2: ಐದು ನಿಮಿಷ ಕೂರಿ

ಕುರ್ಚಿಯ ಮೇಲೆ, ಪಾದ ಎರಡೂ ನೆಲಕ್ಕೆ ತಾಗಿಸಿ, ಕಣ್ಣು ಅರ್ಧ ತೆರೆದು, ಲ್ಯಾಪ್‌ಟಾಪ್ ತೆರೆಯುವ ಮುಂಚೆ. ಉಸಿರು ತನ್ನಷ್ಟಕ್ಕೆ ಬಂದು ಹೋಗಲಿ, ಗಮನ ಅದರ ಮೇಲಿರಲಿ. ಮನಸ್ಸು ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಓಡಿದರೆ ಮೆಲ್ಲಗೆ ಕರೆತನ್ನಿ. ಅಷ್ಟೇ.

ಕಣ್ಣು ಪೂರ್ತಿ ಮುಚ್ಚಬೇಡಿ ಎನ್ನುವುದು ನನ್ನ ಖಡಾಖಂಡಿತ ಸಲಹೆ. ಒತ್ತಡ ಬರುವುದು ಕಣ್ಣು ತೆರೆದಿರುವಾಗ, ಅಭ್ಯಾಸವೂ ಹಾಗೆಯೇ ಆಗಲಿ. ಕೊಳಲಿನ ಹಿನ್ನೆಲೆ ಸಂಗೀತ, ಸುವಾಸನೆಯ ಮೇಣದ ಬತ್ತಿ ಬೇಡ. ‘ನೀವು ಸತತ 21 ದಿನ ಧ್ಯಾನ ಮಾಡಿದ್ದೀರಿ’ ಎಂದು ಪದಕ ಕೊಡುವ ಆ್ಯಪ್‌ಗಳಂತೂ ಬೇಡವೇ ಬೇಡ. ಒಂದು ದಿನ ತಪ್ಪಿದರೆ ಅಲ್ಲೂ ಟಾರ್ಗೆಟ್ ಮಿಸ್ ಆದ ಅಪರಾಧಭಾವ. ಆಫೀಸಿನಲ್ಲಿ ಸಾಕಷ್ಟು ಟಾರ್ಗೆಟ್ ಇವೆ. ದುಡ್ಡು ಕೊಡಲೇಬೇಕಿಲ್ಲ, ‘ಆ್ಯಕ್ಟ್’ ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಒತ್ತಡ ನಿರ್ವಹಣೆಯ ಸಚಿತ್ರ ಕೈಪಿಡಿ ಅದರ ಜಾಲತಾಣದಲ್ಲಿ ಉಚಿತವಾಗಿದೆ.

ಹಂತ 3: ಬಂದ ಭಾವಕ್ಕೆ ಜಾಗ ಕೊಡಿ

ರಾತ್ರಿ ಒಂಬತ್ತೂವರೆ. ಊಟಕ್ಕೆ ಕೂತಿದ್ದೀರಿ. ಮ್ಯಾನೇಜರ್ ಮೆಸೇಜ್: ‘ನಾಳೆ ಬೆಳಿಗ್ಗೆ ಬಂದ ತಕ್ಷಣ ಸ್ವಲ್ಪ ಮಾತಾಡಬೇಕು.’ ವಿಷಯ ಏನೆಂದು ಇಲ್ಲ.

ಆ ಕ್ಷಣ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಕೆಲವರು ತಕ್ಷಣ ‘ಶ್ಯೂರ್ ಸರ್’ ಎಂದು ಟೈಪ್ ಮಾಡುತ್ತಾರೆ. ಕೆಲವರು ತಟ್ಟೆ ಪಕ್ಕಕ್ಕಿಟ್ಟು ಹಳೇ ಮೇಲ್‌ಗಳನ್ನೆಲ್ಲ ಕೆದಕುತ್ತಾರೆ. ಇನ್ನು ಕೆಲವರು ರೀಲ್ಸ್ ತೆರೆದು ಹನ್ನೆರಡರವರೆಗೆ ಮೇಲೆತ್ತುತ್ತಲೇ ಇರುತ್ತಾರೆ. ಮೂವರೂ ಮಾಡುತ್ತಿರುವುದು ಒಂದನ್ನೇ, ಹೊಟ್ಟೆಯಲ್ಲಿ ಎದ್ದ ಆ ಸಂಕಟವನ್ನು ಹೇಗಾದರೂ ಮಾಡಿ ಕಳಿಸಿಬಿಡುವುದು. ಮೊದಲ ಕೆಲಸ ಇದನ್ನು ಗಮನಿಸುವುದು. ಫೋನ್ ಕವುಚಿ ಹಾಕಿ, ಎರಡು ನಿಮಿಷ.

ಈಗ ಕೇಳಿಕೊಳ್ಳಿ: ಇದು ಮೈಯಲ್ಲಿ ಎಲ್ಲಿದೆ? ಹತ್ತರಲ್ಲಿ ಎಂಟು ಜನ ‘ತಲೆಯಲ್ಲಿ’ ಅನ್ನುತ್ತಾರೆ. ಅದು ಯೋಚನೆಯ ಸರದಿ, ಅದಕ್ಕೆ ಆಮೇಲೆ ಬರೋಣ. ಕೆಳಗಿಳಿಯಿರಿ. ದವಡೆ ಬಿಗಿದಿದೆಯೇ? ಗಂಟಲು ಕಟ್ಟಿದೆಯೇ? ಪಕ್ಕೆಲುಬಿನ ಕೆಳಗೆ ಏನೋ ಹಿಂಡಿದಂತಿದೆಯೇ? ಸಿಕ್ಕ ಮೇಲೆ ಅಲ್ಲೇ ನಿಲ್ಲಿ. ಎಷ್ಟು ಅಗಲವಿದೆ, ಅಂಗೈಯಷ್ಟೋ, ಅದಕ್ಕಿಂತ ಹೆಚ್ಚೋ? ಅಂಚು ಎಲ್ಲಿ ಮುಗಿಯುತ್ತದೆ? ಬಿಸಿಯೋ ತಣ್ಣಗೋ? ಒಂದೇ ಕಡೆ ಕೂತಿದೆಯೋ, ಸರಿದಾಡುತ್ತಿದೆಯೋ? ಯಾಕೆ ಬಂತು ಎಂಬ ಪ್ರಶ್ನೆ ಈಗ ಬೇಡ. ಅದನ್ನು ಕೇಳಿದ ತಕ್ಷಣ ನಾಳೆಯ ಮೀಟಿಂಗಿಗೆ ಹೋಗಿಬಿಡುತ್ತೀರಿ.

ಆಮೇಲೆ ಉಸಿರು ಆ ಜಾಗದ ಸುತ್ತ ಓಡಾಡಿದಂತೆ ಮೆಲ್ಲಗೆ ಉಸಿರಾಡುತ್ತ ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ಇದು ಇಲ್ಲಿದೆ. ಇರಲಿ.’

ತಪ್ಪಾಗುವುದು ಈ ‘ಇರಲಿ’ಯಲ್ಲೇ. ಬಾಯಲ್ಲಿ ‘ಇರಲಿ’, ಒಳಗೆ ‘ಇರಲಿ ಅಂದೆನಲ್ಲ, ಇನ್ನಾದರೂ ಹೋಗು’ ಎಂಬ ಚೌಕಾಸಿ. ಇದನ್ನು ಹಿಡಿಯಲು ಒಂದು ಪರೀಕ್ಷೆ ಇದೆ. ‘ಈ ಸಂಕಟ ಇನ್ನೂ ಒಂದು ಗಂಟೆ ಹೀಗೇ ಇದ್ದರೆ?’ ಎಂದು ಕೇಳಿಕೊಳ್ಳಿ. ‘ಅಯ್ಯೋ ಬೇಡಪ್ಪಾ’ ಎಂದು ಭುಜ ಮೇಲೇರಿದರೆ ಗುದ್ದಾಟ ನಿಂತಿಲ್ಲ ಎಂದು ಅರ್ಥ. ಬೈದುಕೊಳ್ಳಬೇಡಿ. ಆ ಏರಿದ ಭುಜ, ಹಿಡಿದ ಉಸಿರು, ‘ಬೇಡ’ ಎನ್ನುವ ಆ ಬಿಗಿ, ಅದನ್ನೂ ಹಾಗೆಯೇ ಗಮನಿಸಿ, ಅದಕ್ಕೂ ಜಾಗ ಕೊಡಿ. ಹೊಸಬರು ಅಲ್ಲಿಂದ ಮುಂದಕ್ಕೆ ಹೋಗದಿದ್ದರೂ ಸರಿಯೇ, ಅಭ್ಯಾಸ ನಡೆದಿದೆ.

ತರಗತಿಯಲ್ಲಿ ನಾನು ಬಿಎಂಟಿಸಿ ಬಸ್ಸಿನ ಉದಾಹರಣೆ ಕೊಡುತ್ತೇನೆ. ಇಬ್ಬರ ಸೀಟಿಗೆ ಮೂರನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದಾಗ ನಮಗೆ ಖುಷಿಯೇನೂ ಆಗುವುದಿಲ್ಲ. ಆದರೂ ಸರಿದು ಕೂರುತ್ತೇವೆ. ಅವರು ಇಳಿಯುವ ಸ್ಟಾಪ್ ಯಾವುದೆಂದು ಗೊತ್ತಿಲ್ಲ. ನಾವು ಹೋಗಬೇಕಾದ ಕಡೆಗಂತೂ ಹೋಗುತ್ತಿರುತ್ತೇವೆ.

ತಳ್ಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಬಿಳಿ ಕರಡಿಯ ಬಗ್ಗೆ ಯೋಚಿಸಲೇಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಅವರಿಗೆ ಅದು ಮತ್ತೆ ಮತ್ತೆ ನೆನಪಾಯಿತು. ಆಮೇಲೆ ಯೋಚಿಸಬಹುದು ಎಂದಾಗ, ಮೊದಲಿಂದಲೂ ಅನುಮತಿ ಇದ್ದವರಿಗಿಂತ ಹೆಚ್ಚಾಗಿ ನೆನಪಾಯಿತು. ಅಪ್ರೈಸಲ್ ತಿಂಗಳಲ್ಲಿ ‘ರೇಟಿಂಗ್ ಬಗ್ಗೆ ಯೋಚಿಸಲ್ಲ’ ಎಂದು ಹಟ ಹಿಡಿಯುವವರು ಇದನ್ನು ತಾವೇ ಪರೀಕ್ಷಿಸಬಹುದು.

ದೊಡ್ಡದರಿಂದ ಶುರು ಮಾಡಬೇಡಿ. ಬಾಸ್ ಜೊತೆಗಿನ ಜಗಳವನ್ನು ಮೊದಲ ದಿನವೇ ಎತ್ತಿಕೊಂಡವರು ಎರಡನೇ ದಿನ ಬರುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನ ಅಸಹನೆ, ಹ್ಯಾಂಗ್ ಆದ ಸಿಸ್ಟಂ, ಕ್ಯೂನಲ್ಲಿ ಮುಂದೆ ನುಗ್ಗಿದವರ ಮೇಲಿನ ಸಿಟ್ಟು, ಇವೇ ಸಾಕು. ಎರಡು ವಾರ ಇವುಗಳ ಮೇಲೆ ಪಳಗಿ.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ಜಾಗ ಕೊಡುವುದು ನಿಮ್ಮ ಚರ್ಮದ ಒಳಗಿರುವ ಭಯ, ಬೇಸರ, ನಾಚಿಕೆಗೆ. ಹದಿನಾಲ್ಕು ಗಂಟೆಯ ಶಿಫ್ಟಿಗೆ, ಕೊಡದ ಓವರ್‌ಟೈಮಿಗೆ, ಎಲ್ಲರೆದುರು ಬೈಯುವವರಿಗೆ ಅಲ್ಲ. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿ, ಶುಕ್ರವಾರ ಸಂಜೆ ಮೈಂಡ್‌ಫುಲ್‌ನೆಸ್ ಕಾರ್ಯಾಗಾರ ಮಾಡಿ ಯೋಗ ಮ್ಯಾಟ್ ಹಂಚುವ ಕಡೆ ನನಗೆ ನಿಜಕ್ಕೂ ನೋವಾಗುತ್ತದೆ. ಬಾಂಡ್ ಮತ್ತು ಬನ್ಸ್ ಅಧ್ಯಯನದ ಎರಡನೇ ಗುಂಪನ್ನು ನೆನಪಿಸಿಕೊಳ್ಳಿ. ಹೊರಗಿನದನ್ನು ಬದಲಾಯಿಸಿದರೂ ಫಲವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಉದ್ಯೋಗಿಗಳಿಗೆ ಇಂಥ ಕೌಶಲ ಕಲಿಸುವುದರ ಜೊತೆಗೆ ಕೆಲಸದ ವ್ಯವಸ್ಥೆ ಸರಿಪಡಿಸಬೇಕು, ಮ್ಯಾನೇಜರ್‌ಗಳಿಗೆ ತರಬೇತಿ ಕೊಡಬೇಕು ಎನ್ನುತ್ತದೆ. ನಿಮ್ಮ ಎಚ್‌ಆರ್‌ಗೆ ಅದನ್ನು ಕಳಿಸಿ.

ಹಂತ 4: ಯೋಚನೆಯಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ

‘ನನ್ನಿಂದ ಆಗಲ್ಲ’ ಎಂಬುದು ಬಂದಾಗ ಹೀಗೆ ಹೇಳಿ: ‘ನನ್ನಿಂದ ಆಗಲ್ಲ ಅನ್ನೋ ಯೋಚನೆ ಈಗ ಬರ್ತಾ ಇದೆ.’ ಅಷ್ಟು ಸೇರಿಸಿದರೆ ಸಾಕು, ತೀರ್ಪಿನಂತಿದ್ದದ್ದು ಬಂದು ಹೋಗುವ ಮಾತಾಗುತ್ತದೆ. ಮನಸ್ಸು ಯಾವ ಭಾಷೆಯಲ್ಲಿ ಬೈಯುತ್ತದೋ ಅದೇ ಭಾಷೆಯಲ್ಲಿ ಹೇಳಿ. ಕನ್ನಡದಲ್ಲಿ ಚುಚ್ಚಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಮುಟ್ಟುವುದಿಲ್ಲ. ಒಂಟಿಯಾಗಿದ್ದಾಗ ‘ವೇಸ್ಟ್, ವೇಸ್ಟ್, ವೇಸ್ಟ್’ ಎಂದು ಮೂವತ್ತು ಸೆಕೆಂಡು ಗಟ್ಟಿಯಾಗಿ, ವೇಗವಾಗಿ ಹೇಳಿ ನೋಡಿ. ಕೊನೆಗೆ ಬರೀ ಸದ್ದು ಉಳಿಯುತ್ತದೆ. ಕಂಪ್ಯೂಟರ್ ಮೇಲೆ ‘ನಾನೇ ಬೆಸ್ಟ್’ ಎಂಬ ಚೀಟಿ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಸೋತ ದಿನ ಅದನ್ನು ನೋಡಿದರೆ ವಾದ ಮತ್ತೆ ಶುರುವಾಗುತ್ತದೆ.

ಹಂತ 5: ಮುಖ್ಯವಾದದ್ದರ ಕಡೆಗೆ ಒಂದು ಕೆಲಸ

ಪುಸ್ತಕದಲ್ಲಿ ಬರೆಯಿರಿ, ಫೋನಿನಲ್ಲಿ ಬೇಡ: ‘ಈ ಕೆಲಸದಲ್ಲಿ ನಾನು ಎಂಥ ಮನುಷ್ಯ ಆಗಿರಬೇಕು?’ ಪ್ರಮೋಷನ್ ಎಂದು ಬರೆದರೆ ಹೊಡೆದು ಹಾಕಿ. ಅದು ಒಂದು ದಿನ ಸಿಕ್ಕಿ ಮುಗಿದುಹೋಗುವ ಗುರಿ, ಕೊಡುವವರೂ ಬೇರೆಯವರು. ‘ಜೂನಿಯರ್‌ಗಳಿಗೆ ತಾಳ್ಮೆಯಿಂದ ಹೇಳಿಕೊಡುವವಳು’, ‘ರೋಗಿಯ ಮನೆಯವರಿಗೆ ಸರಿಯಾಗಿ ವಿವರಿಸುವ ನರ್ಸ್’, ‘ಮಕ್ಕಳು ಮಲಗುವ ಮುಂಚೆ ಮನೆಯಲ್ಲಿರುವ ಅಪ್ಪ’, ಇಂಥವು ಇವತ್ತೇ ನಿಮ್ಮ ಕೈಯಲ್ಲಿವೆ.

ಅದರಿಂದ 24 ಗಂಟೆಯೊಳಗೆ ಮಾಡಬಹುದಾದ, ಬೇರೆಯವರ ಕಣ್ಣಿಗೂ ಕಾಣುವ ಒಂದು ಚಿಕ್ಕ ಕೆಲಸ ಆರಿಸಿ, ಅದನ್ನೂ ಬರೆದಿಡಿ. ‘ಕಡಿಮೆ ಸ್ಟ್ರೆಸ್ ತಗೋತೀನಿ’ ಎಂಬುದು ಕೆಲಸವಲ್ಲ. ‘ನಾಳೆ ಮ್ಯಾನೇಜರ್ ಹತ್ತಿರ, ಸರ್, ಈ ವಾರ ಮೂರರಲ್ಲಿ ಎರಡು ಮುಗಿಸಬಹುದು, ಯಾವುದು ಮೊದಲು ಹೇಳಿ ಅಂತ ಕೇಳ್ತೀನಿ’ ಎಂಬುದು ಕೆಲಸ.

ಕ್ಯಾಬಿನ್ ಬಾಗಿಲ ಹತ್ತಿರ ಹೋದಾಗ ಗಂಟಲು ಕಟ್ಟುತ್ತದೆ. ಮೂರನೇ ಹಂತವನ್ನು ಕಲಿತದ್ದು ಈ ಬಾಗಿಲಿಗಾಗಿ. ಭಯ ಹೋಗಲಿ ಎಂದು ಕಾಯಬೇಡಿ. ಅದು ಗಂಟಲಲ್ಲಿ ಇದ್ದಹಾಗೇ ಪಾದ ನೆಲಕ್ಕೆ ಒತ್ತಿ, ಒಂದು ಉಸಿರು ತೆಗೆದುಕೊಂಡು ಬಾಗಿಲು ತಟ್ಟಿ. ಧ್ವನಿ ನಡುಗಿದರೆ ನಡುಗಲಿ, ವಾಕ್ಯ ಪೂರ್ತಿ ಹೇಳಿ. ಉತ್ತರ ‘ಮೂರೂ ಬೇಕು’ ಎಂದೇ ಬರಬಹುದು. ಆಗ ಅದನ್ನೇ ಮೇಲ್‌ನಲ್ಲಿ ಬರೆದು ದಾಖಲೆ ಮಾಡಿ. ಎಷ್ಟು ಸಲ ಕೇಳಿದರೂ ಏನೂ ಬದಲಾಗದ ಜಾಗದಲ್ಲಿ ನೀವು ಪುಸ್ತಕದಲ್ಲಿ ಬರೆದ ಆ ಸಾಲು ಬೇರೆ ಕೆಲಸ ಹುಡುಕು ಎಂದೂ ಹೇಳಬಹುದು. ಅದೂ ಈ ಪದ್ಧತಿಯೊಳಗಿನದೇ.

ಬಾಂಡ್ ಮತ್ತು ಬನ್ಸ್ ಅಧ್ಯಯನದಲ್ಲಿ ತರಬೇತಿ ಮೂರು ಬಾರಿ ನಡೆದಿತ್ತು. ಮೊದಲೆರಡು ಒಂದು ವಾರದ ಅಂತರದಲ್ಲಿ, ಮೂರನೆಯದು ಸುಮಾರು ಮೂರು ತಿಂಗಳ ನಂತರ. ನೀವೂ ಕ್ಯಾಲೆಂಡರಿನಲ್ಲಿ ಇವತ್ತಿನಿಂದ ಮೂರು ತಿಂಗಳಿಗೆ ಒಂದು ದಿನ ಗುರುತು ಹಾಕಿ. ಅವತ್ತು ಪುಸ್ತಕ ತೆಗೆದು ಒತ್ತಡ ಎಷ್ಟು ಇಳಿಯಿತು ಎಂದು ಲೆಕ್ಕ ಹಾಕುವ ಬದಲು, ಬರೆದ ಕೆಲಸಗಳಲ್ಲಿ ಯಾವ್ಯಾವು ಆದವು ಎಂದು ಗೆರೆ ಎಳೆಯುತ್ತ ಹೋಗಿ. ಆಗದೆ ಉಳಿದದ್ದರ ಪಕ್ಕದಲ್ಲಿ, ಅವತ್ತು ಯಾವ ಭಾವ ಅಡ್ಡ ಬಂದಿತ್ತು ಎಂದು ಬರೆಯಿರಿ. ಮರುದಿನದ ಐದು ನಿಮಿಷಕ್ಕೆ ಅದನ್ನೇ ಎತ್ತಿಕೊಳ್ಳಿ.