ಪ್ಯಾಂಕ್ರಿಯಾಸ್ ಸಿಸ್ಟ್‌ನ ನೀರಿನ ವರದಿ ಓದುವುದು ಹೇಗೆ?

ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ, ಸಿಸ್ಟ್ (ನೀರು ತುಂಬಿದ ಚೀಲ) ಇದೆ ಎಂದು ಗೊತ್ತಾಗುವುದು ಬಹುಪಾಲು ಆಕಸ್ಮಿಕವಾಗಿ. ಕಿಡ್ನಿ ಕಲ್ಲಿಗೆಂದು ಕಾರವಾರದಲ್ಲೋ ಶಿರಸಿಯಲ್ಲೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ. ಮುಂದಿನ ತನಿಖೆಗೆ ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಗೋವಾ ದಾರಿ ಹಿಡಿಯುತ್ತಾರೆ. ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಹೋಗುತ್ತಾರೆ. ನೀರು ತೆಗೆದ ವೈದ್ಯರು ಅಲ್ಲೇ ಉಳಿಯುತ್ತಾರೆ, ವರದಿ ಮಾತ್ರ ಕೆಲವು ದಿನ ಬಿಟ್ಟು ಮೊಬೈಲಿಗೆ ಬರುತ್ತದೆ. ಊರಿನ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಕೈಗೆ ಅದು ಬರುವಷ್ಟರಲ್ಲಿ ಮನೆಯಲ್ಲಿ ಅರ್ಧ ಸೂತಕ ಶುರುವಾಗಿರುತ್ತದೆ. ಸಿಇಎ (ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ಎಂಬ ಸಾಲಿನಲ್ಲಿ ನೂರಾರು ಅಂಕಿ, ಅದರ ಪಕ್ಕದಲ್ಲೊಂದು ಮೇಲ್ಮುಖ ಬಾಣ ಕಂಡಿರುತ್ತದೆ.

ಮೊದಲ ಹಂತ, ಸೂಜಿ ಬೇಕೇ ಎಂದು ಕೇಳುವುದು. ಚಿಕ್ಕದಾಗಿದ್ದು ಅನುಮಾನದ ಲಕ್ಷಣಗಳಿಲ್ಲದ ಸಿಸ್ಟ್‌ಗೆ ಸೂಜಿ ಹಾಕುವುದಿಲ್ಲ, ಸ್ಕ್ಯಾನ್ ಮಾಡುತ್ತಾ ಗಮನಿಸುತ್ತಾರೆ.

ಎರಡನೆಯದು ನೀರು ತೆಗೆಯುವುದು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಜಠರ ಅಥವಾ ಸಣ್ಣ ಕರುಳಿನ ಗೋಡೆಯ ಮೂಲಕ ಸೂಜಿ ಹಾಕುತ್ತಾರೆ. ಒಂದು ಸೆಂಟಿಮೀಟರ್ ಅಗಲದ ದುಂಡು ಸಿಸ್ಟ್‌ನೊಳಗೆ ಇರುವುದೇ ಸುಮಾರು ಅರ್ಧ ಮಿಲಿಲೀಟರ್ ನೀರು. ಹಾಗಾಗಿ ಸಿಕ್ಕ ನೀರು ಯಾವ ಪರೀಕ್ಷೆಗೆ ಮೊದಲು ಹೋಗುತ್ತದೆ ಎಂದು ಮುಂಚೆಯೇ ಕೇಳಿಕೊಳ್ಳಿ. ನನ್ನ ಮತ ಸ್ಪಷ್ಟ: ಮೊದಲ ಹನಿ ಗ್ಲೂಕೋಸ್‌ಗೆ, ನಂತರ ಸಿಇಎಗೆ, ಉಳಿದದ್ದು ಅಮೈಲೇಸ್ (ಮೇದೋಜೀರಕದ ಜೀರ್ಣರಸದಲ್ಲಿರುವ ಕಿಣ್ವ) ಮತ್ತು ಜೀವಕೋಶ ಪರೀಕ್ಷೆಗೆ. ನೀರು ಲೋಳೆಯಾಗಿದೆಯೇ ಎಂದು ಕೆಲವು ವೈದ್ಯರು ಹನಿಯನ್ನು ಎರಡು ಬೆರಳ ನಡುವೆ ಎಳೆದು, ಆಲೆಮನೆಯಲ್ಲಿ ಪಾಕ ನೋಡುವ ಹಾಗೆ ನೋಡುತ್ತಾರೆ. ಒಂದು ಸೆಂಟಿಮೀಟರಾದರೂ ಎಳೆ ಬಂದು ಒಂದು ಸೆಕೆಂಡ್ ನಿಂತರೆ ಅದು ಲೋಳೆಯ ಗುರುತು. ಯಂತ್ರ ಬೇಡ, ಖರ್ಚಿಲ್ಲ; ಆ ಫಲಿತಾಂಶವನ್ನೂ ಬರೆದುಕೊಡಲು ಕೇಳಿ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂಕಿ ಓದುವಾಗ. ವರದಿಯ ಬಲಬದಿಯ 'ಸಾಮಾನ್ಯ ಮಿತಿ' ಕಾಲಮ್ಮನ್ನು ಮೊದಲು ಕೈಯಿಂದ ಮುಚ್ಚಿಬಿಡಿ. ಎಷ್ಟೋ ಲ್ಯಾಬ್‌ಗಳ ಕಂಪ್ಯೂಟರ್ ಅಲ್ಲಿ ರಕ್ತದ ಮಿತಿಯನ್ನೇ ಮುದ್ರಿಸುತ್ತದೆ. ರಕ್ತದ ಸಿಇಎ 5 ದಾಟಿದರೆ ಹೆಚ್ಚು ಎನ್ನುವ ಲೆಕ್ಕ ಸಿಸ್ಟ್‌ನ ನೀರಿಗೆ ಹೊಂದುವುದಿಲ್ಲ.

ಈಗ ಗ್ಲೂಕೋಸ್ ನೋಡಿ. ಡೆಸಿಲೀಟರ್‌ಗೆ 50 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅದು ಲೋಳೆಯ ಜಾತಿಯ, ಅಂದರೆ ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲ, ಸಿಸ್ಟ್ ಆಗಿರುವ ಸಾಧ್ಯತೆ ಹೆಚ್ಚು. ವರದಿ ಮಿಲಿಮೋಲ್ ಲೆಕ್ಕದಲ್ಲಿದ್ದರೆ ಆ ಗೆರೆ ಸುಮಾರು 2.8, ಘಟಕ ನೋಡದೆ ಹೌಹಾರಬೇಡಿ. ರಕ್ತ ಬೆರೆತ ಮಾದರಿ ಗಂಟೆಗಟ್ಟಲೆ ಹೊರಗೆ ಕಾದಿದ್ದರೆ ರಕ್ತಕಣಗಳೇ ಸಕ್ಕರೆಯನ್ನು ತಿಂದು ಅಂಕಿಯನ್ನು ಇಳಿಸಿರುತ್ತವೆ. ಮಾದರಿ ಎಷ್ಟು ಹೊತ್ತಿಗೆ ಲ್ಯಾಬ್ ತಲುಪಿತು ಎಂಬ ಸಮಯ ವರದಿಯ ತಲೆಯಲ್ಲೇ ಇರುತ್ತದೆ, ಯಾರೂ ನೋಡುವುದಿಲ್ಲ.

ನಂತರ ಸಿಇಎ. ಮಿಲಿಲೀಟರ್‌ಗೆ 192 ನ್ಯಾನೋಗ್ರಾಂ ಎಂಬ ಗೆರೆ 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಿಂದ ಬಂದದ್ದು. ಅದಕ್ಕಿಂತ ಮೇಲಿದ್ದರೆ ಲೋಳೆಯ ಸಿಸ್ಟ್ ಎಂಬುದಕ್ಕೆ ಬಲ ಬರುತ್ತದೆ. 5ಕ್ಕಿಂತ ಕೆಳಗಿದ್ದರೆ ಲೋಳೆಯದ್ದಲ್ಲ ಎಂಬ ಕಡೆಗೆ ವಾಲುತ್ತದೆ. ನಡುವೆ ಬಿದ್ದರೆ ಸಿಇಎಯೊಂದನ್ನೇ ನೆಚ್ಚಬೇಡಿ. ಲೋಳೆಯೋ ಅಲ್ಲವೋ ಎಂಬುದಕ್ಕಷ್ಟೇ ಈ ಅಂಕಿ ಉತ್ತರಿಸುತ್ತದೆ, ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದಕ್ಕಲ್ಲ. ಸಾವಿರ ದಾಟಿದ ಸಿಸ್ಟ್ ನಿರುಪದ್ರವಿಯಾಗಿರಬಹುದು. ಕಡಿಮೆ ಅಂಕಿಯೂ ಭರವಸೆಯಲ್ಲ.

ಕೊನೆಗೆ ಅಮೈಲೇಸ್. ಲೀಟರ್‌ಗೆ 250 ಯೂನಿಟ್‌ಗಿಂತ ಕಡಿಮೆ ಇದ್ದರೆ, ಉರಿಯೂತದ ನಂತರ ಉಳಿಯುವ ಹುಸಿ ಸಿಸ್ಟ್ ಬಹುತೇಕ ಅಲ್ಲ. ಹೆಚ್ಚಿದ್ದರೆ ಹುಸಿ ಸಿಸ್ಟ್ ಖಚಿತ ಎಂದೇನೂ ಇಲ್ಲ, ಏಕೆಂದರೆ ಗ್ರಂಥಿಯ ನಾಳದೊಂದಿಗೆ ಕೂಡಿಕೊಂಡಿರುವ ಐಪಿಎಂಎನ್ ಎಂಬ ಲೋಳೆಯ ಸಿಸ್ಟ್‌ನಲ್ಲೂ ಅಮೈಲೇಸ್ ಏರಿರುತ್ತದೆ.

ಮೂರನ್ನೂ ಜೊತೆಗಿಟ್ಟು ಓದಿ. ಗ್ಲೂಕೋಸ್ ಕಡಿಮೆ, ಸಿಇಎ ಹೆಚ್ಚು ಎಂದರೆ ಲೋಳೆಯದ್ದು: ಐಪಿಎಂಎನ್ ಇರಬಹುದು, ಅಥವಾ ಹೆಚ್ಚಾಗಿ ಮಧ್ಯವಯಸ್ಸಿನ ಹೆಂಗಸರಲ್ಲಿ ಗ್ರಂಥಿಯ ನಡುಭಾಗ, ಬಾಲಭಾಗದಲ್ಲಿ ಕಾಣುವ ಎಂಸಿಎನ್ ಇರಬಹುದು. ಅಮೈಲೇಸ್ ಸಾವಿರಗಟ್ಟಲೆ, ಸಿಇಎ ಕಡಿಮೆ, ಹಿಂದೆ ಪ್ಯಾಂಕ್ರಿಯಾಟೈಟಿಸ್ (ಗ್ರಂಥಿಯ ಉರಿಯೂತ) ಆಗಿತ್ತು ಎಂದರೆ ಹುಸಿ ಸಿಸ್ಟ್. ಸಿಇಎ, ಅಮೈಲೇಸ್ ಎರಡೂ ಕಡಿಮೆಯಾಗಿ ಗ್ಲೂಕೋಸ್ 50ರ ಮೇಲಿದ್ದರೆ ಸೀರಸ್ ಸಿಸ್ಟ್, ಅಂದರೆ ಲೋಳೆಯಿಲ್ಲದ ತಿಳಿನೀರಿನದ್ದು. ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ, ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ.

'ಟ್ಯೂಮರ್ ಮಾರ್ಕರ್ ಪ್ಯಾಕೇಜ್' ಎಂದು ಜಾಹೀರಾತು ಬರುತ್ತದಲ್ಲ, ಅದು ರಕ್ತದ ಪರೀಕ್ಷೆ. ಸಿಸ್ಟ್ ಯಾವ ಜಾತಿಯದ್ದೆಂದು ತಿಳಿಯಲು ಅದಕ್ಕೆ ದುಡ್ಡು ಹಾಕಬೇಡಿ. ಸಿಸ್ಟ್ ಕರಗಿಸುತ್ತೇವೆಂದು ಬಾಟಲಿಯಲ್ಲಿ ಮಾರುವ ಕಷಾಯದ ಬಗ್ಗೆ ಬರೆದು ಜಾಗ ಹಾಳು ಮಾಡುವುದಿಲ್ಲ.

ಕ್ಯಾನ್ಸರ್ ಪ್ರಶ್ನೆಗೆ ಬೇರೆ ಕಾಗದ ತೆಗೆಯಬೇಕು. ಎಂಆರ್‌ಐ ಅಥವಾ ಸಿಟಿಯಲ್ಲಿ ಸಿಸ್ಟ್‌ನ ಒಳಗೋಡೆಗೆ ಅಂಟಿದ, ಕಾಂಟ್ರಾಸ್ಟ್ ಹೀರುವ ಗಂಟು ಇದೆಯೇ, ಅದು 5 ಮಿಲಿಮೀಟರ್ ಮುಟ್ಟಿದೆಯೇ, ಮುಖ್ಯನಾಳ 10 ಮಿಲಿಮೀಟರ್‌ನಷ್ಟು ಹಿಗ್ಗಿದೆಯೇ, ಕಾಮಾಲೆ ಇದೆಯೇ, ಜೀವಕೋಶ ಪರೀಕ್ಷೆ ಏನೆಂದಿದೆ ಎಂದು ನೋಡಿ ಸರ್ಜನ್ ತೀರ್ಮಾನಿಸುತ್ತಾರೆ. ಆದ್ದರಿಂದ ಅವರ ಬಳಿ ಹೋಗುವಾಗ ಸ್ಕ್ಯಾನ್‌ನ ಸಿಡಿ ಒಯ್ಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫಿಲ್ಮಿನ ಫೋಟೊದಲ್ಲಿ ಗಂಟೂ ಕಾಣದು, ನಾಳವೂ ಕಾಣದು.

ಸಿಸ್ಟ್‌ನ ನೀರಿನ ಜೀನ್ ಪರೀಕ್ಷೆಯನ್ನು ನಾನು ಕೊನೆಗೆ ಇಡುತ್ತೇನೆ. ಕೆರಾಸ್ ಅಥವಾ ಜಿಎನ್‌ಎಎಸ್ ಎಂಬ ಜೀನ್‌ನಲ್ಲಿ ಬದಲಾವಣೆ ಸಿಕ್ಕರೆ ಲೋಳೆಯದ್ದು, ಅದರಲ್ಲೂ ಜಿಎನ್‌ಎಎಸ್ ಐಪಿಎಂಎನ್‌ನ ಕಡೆ ಬೊಟ್ಟು ಮಾಡುತ್ತದೆ; ವಿಎಚ್‌ಎಲ್ ಸೀರಸ್ ಸಿಸ್ಟ್‌ನ ಗುರುತು; ಟಿಪಿ53, ಸ್ಮ್ಯಾಡ್4 ಕಂಡರೆ ಎಚ್ಚರ. ಪರೀಕ್ಷೆ ಒಳ್ಳೆಯದೇ, ಆದರೆ ದುಬಾರಿ. ಫಲಿತಾಂಶ ಹೇಗೇ ಬಂದರೂ ಮುಂದಿನ ಚಿಕಿತ್ಸೆ ಬದಲಾಗುವುದಿಲ್ಲ ಎಂದು ವೈದ್ಯರೇ ಹೇಳಿದರೆ ಆ ಹಣವನ್ನು ಮುಂದಿನ ಎಂಆರ್‌ಐಗೆ ಇಟ್ಟುಕೊಳ್ಳಿ.