ಐಲ್ ಆಫ್ ಮ್ಯಾನ್ ಟಿಟಿ: ರಸ್ತೆಬದಿಯಲ್ಲಿ ನಿಂತು ನೋಡುವವರಿಗೆ

ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮೇ ಕೊನೆಯ ವಾರ ಆರಂಭವಾಗಿ ಜೂನ್ ಮೊದಲ ವಾರ ಮುಗಿಯುವ ಟೂರಿಸ್ಟ್ ಟ್ರೋಫಿ, ಅಂದರೆ ಎಲ್ಲರ ಬಾಯಲ್ಲಿರುವ ಟಿಟಿ, ಸರ್ಕ್ಯೂಟಿನೊಳಗೆ ನಡೆಯುವ ರೇಸ್ ಅಲ್ಲ. ಉಳಿದ ದಿನಗಳಲ್ಲಿ ಬಸ್ಸು, ಟ್ರ್ಯಾಕ್ಟರುಗಳು ಓಡಾಡುವ ಸಾರ್ವಜನಿಕ ರಸ್ತೆಯನ್ನೇ ಕೆಲವು ಗಂಟೆಗಳ ಕಾಲ ಮುಚ್ಚಿ, 60.7 ಕಿ.ಮೀ. ಉದ್ದದ ಒಂದು ಸುತ್ತಿನಲ್ಲಿ ಮೋಟಾರ್‌ಸೈಕಲ್‌ಗಳನ್ನು ಬಿಡುತ್ತಾರೆ. ಈ ಒಂದು ಸಂಗತಿಯನ್ನು ಸರಿಯಾಗಿ ತಿಳಿದುಕೊಂಡರೆ ಪ್ರೇಕ್ಷಕರು ಮಾಡಿಕೊಳ್ಳಬೇಕಾದ ತಯಾರಿಯ ಬಹುಪಾಲು ತಾನಾಗಿಯೇ ಅರ್ಥವಾಗುತ್ತದೆ. ರಸ್ತೆ ಮುಚ್ಚಿದ ಮೇಲೆ ನಾವು ಎಲ್ಲಿ ನಿಂತಿದ್ದೇವೆಯೋ ಬಹುಮಟ್ಟಿಗೆ ಅಲ್ಲೇ ಉಳಿಯಬೇಕಾಗುತ್ತದೆ. ಹಾಗಾಗಿ ಜಾಗದ ಆಯ್ಕೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರ.

ಈ ರೇಸು ಇಂಥದೊಂದು ಚಿಕ್ಕ ದ್ವೀಪಕ್ಕೆ ಬಂದುದಕ್ಕೂ ರಸ್ತೆಯ ಕಾನೂನೇ ಕಾರಣ. 20ನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 20 ಮೈಲಿ ಇತ್ತು, ರೇಸಿಗಾಗಿ ರಸ್ತೆ ಮುಚ್ಚಲು ಅಲ್ಲಿನ ಸಂಸತ್ತು ಒಪ್ಪುತ್ತಿರಲಿಲ್ಲ. ತನ್ನದೇ ಶಾಸನಸಭೆಯಿರುವ ಐಲ್ ಆಫ್ ಮ್ಯಾನ್ 1904ರಲ್ಲಿ ಅದಕ್ಕೆ ಅವಕಾಶ ಕೊಡುವ ಕಾನೂನು ಮಾಡಿತು. ಮೊದಲು ಕಾರುಗಳು ಬಂದವು. 1907ರ ಮೇ 28ರಂದು ಮೊದಲ ಮೋಟಾರ್‌ಸೈಕಲ್ ಟಿಟಿ ನಡೆಯಿತು. ಅಂದು ಒಂಟಿ ಸಿಲಿಂಡರ್ ವಿಭಾಗದಲ್ಲಿ ಮ್ಯಾಚ್‌ಲೆಸ್ ಬೈಕಿನ ಚಾರ್ಲಿ ಕಾಲಿಯರ್, ಜೋಡಿ ಸಿಲಿಂಡರ್ ವಿಭಾಗದಲ್ಲಿ ನಾರ್ಟನ್ ಬೈಕಿನ ರೆಮ್ ಫೌಲರ್ ಗೆದ್ದರು. ಆ ನಾರ್ಟನ್ ಕಂಪನಿಯನ್ನು 2020ರಲ್ಲಿ ಕೊಂಡದ್ದು ಹೊಸೂರು ಮತ್ತು ಮೈಸೂರುಗಳಲ್ಲಿ ಕಾರ್ಖಾನೆಗಳಿರುವ ಟಿವಿಎಸ್ ಎಂಬುದು ನಮ್ಮ ಕಡೆಯವರಿಗೆ ಖುಷಿ ಕೊಡುವ ವಿಷಯ. 1911ರಲ್ಲಿ ರೇಸು ಇಂದಿನ ಮೌಂಟನ್ ಕೋರ್ಸಿಗೆ, ಅಂದರೆ ಬೆಟ್ಟದ ಮೇಲೆ ಹಾದುಹೋಗುವ ಈ ಸುತ್ತುದಾರಿಗೆ ಬಂದಿತು. ಆ ವರ್ಷದ ಮುಖ್ಯ ರೇಸಾದ ಸೀನಿಯರ್ ಟಿಟಿಯ ಮೊದಲ ಮೂರು ಸ್ಥಾನಗಳೂ 'ಇಂಡಿಯನ್' ಬೈಕುಗಳ ಪಾಲಾದವು ಎಂದು ಓದಿ ಹೆಮ್ಮೆಪಡುವ ಮೊದಲು, ಅದು ಅಮೆರಿಕದ ಕಂಪನಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಹೊರಡುವ ತಯಾರಿಯನ್ನು ಸುಮಾರು ಒಂದು ವರ್ಷ ಮೊದಲೇ ಶುರುಮಾಡುವುದು ಒಳ್ಳೆಯದು. ಸುಮಾರು 85,000 ಜನಸಂಖ್ಯೆಯ ದ್ವೀಪಕ್ಕೆ ಆ ಎರಡು ವಾರಗಳಲ್ಲಿ ಹತ್ತಾರು ಸಾವಿರ ಜನ ಬರುತ್ತಾರೆ, ಹೋಟೆಲುಗಳು ಸಾಲುವುದಿಲ್ಲ. ಆದ್ದರಿಂದ ಊರಿನವರು ತಮ್ಮ ಮನೆಗಳ ಕೋಣೆಗಳನ್ನು ಬಾಡಿಗೆಗೆ ಕೊಡುವ ಹೋಮ್‌ಸ್ಟೇ ವ್ಯವಸ್ಥೆ ಇದೆ, ಮೈದಾನಗಳಲ್ಲಿ ಟೆಂಟ್ ಹಾಕಿಕೊಳ್ಳಲೂ ಅವಕಾಶವಿದೆ. ಟೆಂಟ್ ಅಗ್ಗ, ಆದರೆ ಮಳೆ ಗಾಳಿಗೆ ಹೆದರದವರಿಗೆ ಮಾತ್ರ. ಭಾರತೀಯ ಪಾಸ್‌ಪೋರ್ಟ್ ಇರುವವರು ಬ್ರಿಟನ್ನಿನ ಸಂದರ್ಶಕ ವೀಸಾ ಪಡೆದಿದ್ದರೆ ಆ ವೀಸಾವೇ ದ್ವೀಪಕ್ಕೂ ಸಾಕು. ಹಡಗಿನಲ್ಲಿ ಹೋಗುವುದಾದರೆ ಹೀಶಮ್‌ನಿಂದ ರಾಜಧಾನಿ ಡಗ್ಲಸ್‌ಗೆ ಸುಮಾರು ಮೂರೂಮುಕ್ಕಾಲು ಗಂಟೆ, ಲಿವರ್‌ಪೂಲಿನಿಂದ ಸುಮಾರು ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಮ್ಯಾಂಚೆಸ್ಟರ್, ಲಿವರ್‌ಪೂಲ್, ಲಂಡನ್ನುಗಳಿಂದ ರೊನಾಲ್ಡ್ಸ್‌ವೇ ವಿಮಾನ ನಿಲ್ದಾಣಕ್ಕೆ ವಿಮಾನಗಳಿವೆ. ಮೊದಲು ಹಡಗು ಅಥವಾ ವಿಮಾನದ ಟಿಕೆಟ್, ಆಮೇಲೆ ವಸತಿ. ಈ ಕ್ರಮ ತಪ್ಪಿದರೆ ಕೋಣೆ ಇದ್ದೂ ದ್ವೀಪ ತಲುಪಲಾಗದ ಪರಿಸ್ಥಿತಿ ಬರಬಹುದು.

ಇನ್ನೊಂದು ಎಚ್ಚರಿಕೆ: ಐಲ್ ಆಫ್ ಮ್ಯಾನ್ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಲಂಡನ್ನಿನಲ್ಲಿ ಕೊಂಡ ಸಿಮ್ ಇಲ್ಲಿ ರೋಮಿಂಗ್ ಶುಲ್ಕ ಹೇರಬಹುದು; ಪ್ರಯಾಣ ವಿಮೆಯಲ್ಲಿ ದ್ವೀಪದ ಹೆಸರು ಪ್ರತ್ಯೇಕವಾಗಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಎರಡು ವಾರಗಳಲ್ಲಿ ಮೊದಲನೆಯದು ಅಭ್ಯಾಸ ಮತ್ತು ಅರ್ಹತಾ ಸುತ್ತುಗಳದ್ದು, ಎರಡನೆಯದು ಮುಖ್ಯ ರೇಸುಗಳದ್ದು. ಒಂದೇ ವಾರ ಇರಲು ಸಾಧ್ಯವಿರುವವರು ಸಾಮಾನ್ಯವಾಗಿ ಎರಡನೆಯದನ್ನು ಆರಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮೊದಲ ವಾರದ ಸಂಜೆಗಳು ಅದಕ್ಕೇನೂ ಕಡಿಮೆಯಲ್ಲ. ಜೂನ್ ಹೊತ್ತಿಗೆ ಅಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಜನಸಂದಣಿ ಕಡಿಮೆ, ಬೇರೆ ಬೇರೆ ದರ್ಜೆಯ ಬೈಕುಗಳನ್ನು ಒಂದೇ ಸಂಜೆ ನೋಡಬಹುದು, ಪ್ರತಿ ಸಂಜೆಯೂ ಹೊಸ ಜಾಗ ಪರೀಕ್ಷಿಸಬಹುದು. ಎರಡು ವಾರಗಳ ಸಂಧಿಯ ಮೂರ್ನಾಲ್ಕು ದಿನಗಳನ್ನು ಹಿಡಿದರೆ ಎರಡರ ರುಚಿಯೂ ಸಿಗುತ್ತದೆ. ಕೊನೆಯ ದಿನದ ಸೀನಿಯರ್ ಟಿಟಿಯೊಂದನ್ನೇ ನಂಬಿ ಹೋಗುವುದು ಮಾತ್ರ ಜಾಣತನವಲ್ಲ; 2025ರಲ್ಲಿ ಬಿರುಗಾಳಿಯ ಕಾರಣದಿಂದ ಆ ರೇಸು ರದ್ದಾಯಿತು.

ಇನ್ನು ಜಾಗದ ವಿಷಯ. ನಕ್ಷೆಯನ್ನು ಮುಂದಿಟ್ಟುಕೊಂಡು ಕೋರ್ಸಿನ ಒಳಭಾಗ ಯಾವುದು, ಹೊರಭಾಗ ಯಾವುದು ಎಂದು ಮೊದಲು ಗುರುತಿಸಿಕೊಳ್ಳಬೇಕು. ಬಂದರು, ವಿಮಾನ ನಿಲ್ದಾಣ, ಕ್ಯಾಸಲ್‌ಟೌನ್, ಪೀಲ್, ಲ್ಯಾಕ್ಸಿ ಎಲ್ಲವೂ ಹೊರಗಿವೆ. ಹೊರಭಾಗದಲ್ಲಿ ನಿಂತವರು ಬೇಸರವಾದರೆ, ಮಳೆ ಬಂದರೆ ಹಿಂದಿನ ರಸ್ತೆಯಿಂದ ಹೊರಟುಹೋಗಬಹುದು. ಒಳಭಾಗದಲ್ಲಿ ನಿಂತವರು ರಸ್ತೆ ತೆರೆಯುವವರೆಗೆ ಕಾಯಬೇಕು. ಮೊದಲ ಸಲ ಹೋಗುವವರು ಹೊರಭಾಗದ ಜಾಗಗಳನ್ನೇ ಹಿಡಿಯುವುದು ಕ್ಷೇಮ. ರಸ್ತೆ ಮುಚ್ಚುವ ವೇಳಾಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸುತ್ತಾರೆ. ಅದಕ್ಕಿಂತ ಒಂದು ಗಂಟೆಯಾದರೂ ಮೊದಲೇ ಜಾಗ ಸೇರಿರಬೇಕು, ಮುಖ್ಯ ರೇಸಿನ ದಿನ ಇನ್ನೂ ಬೇಗ.

ಡಗ್ಲಸ್‌ನ ಗ್ಲೆನ್‌ಕ್ರಚರಿ ರಸ್ತೆಯಲ್ಲಿರುವ ಗ್ರ್ಯಾಂಡ್‌ಸ್ಟ್ಯಾಂಡಿನ ಆಸನಗಳಿಗೆ ಟಿಕೆಟ್ ಉಂಟು. ಅಲ್ಲಿ ಆರಂಭ, ಮುಕ್ತಾಯ, ಪಿಟ್ ನಿಲುಗಡೆ ಮೂರೂ ಕಾಣುತ್ತವೆ. ಆರು ಸುತ್ತಿನ ರೇಸಿನಲ್ಲಿ ಸವಾರರು ಪೆಟ್ರೋಲಿಗಾಗಿ ನಿಲ್ಲುವ ಆ ಕ್ಷಣಗಳಲ್ಲೇ ಗೆಲುವು ಕೈತಪ್ಪಿದ್ದೂ ಉಂಟು. ಆದರೆ ವೇಗದ ಬೆರಗು ಅಲ್ಲಿ ಅಷ್ಟಾಗಿ ತಟ್ಟುವುದಿಲ್ಲ. ಅದು ಬೇಕಾದರೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಬ್ರೇ ಹಿಲ್‌ಗೆ ಹೋಗಬೇಕು. ಎರಡೂ ಬದಿ ಸಾಲುಮನೆಗಳಿರುವ ಆ ಕಡಿದಾದ ಇಳಿಜಾರಿನಲ್ಲಿ ಬೈಕುಗಳು ಗಂಟೆಗೆ 250 ಕಿ.ಮೀ. ಮೀರಿದ ವೇಗದಲ್ಲಿ ಇಳಿಯುತ್ತವೆ, ತಳದಲ್ಲಿ ಸಸ್ಪೆನ್ಷನ್ ಪೂರ್ತಿ ಕುಸಿದು ಮತ್ತೆ ಏಳುವುದು ಬರಿಗಣ್ಣಿಗೇ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾದುದು ಸುತ್ತಿನ ಕೊನೆಯಲ್ಲಿ ಬರುವ ಗವರ್ನರ್ಸ್ ಬ್ರಿಜ್: ಇಡೀ ಕೋರ್ಸಿನ ಅತಿ ನಿಧಾನದ ತಿರುವು, ಕ್ಯಾಮೆರಾ ಹಿಡಿದವರಿಗೆ ಹೇಳಿಮಾಡಿಸಿದ ಜಾಗ. ಕ್ರೆಗ್-ನಿ-ಬಾ ಎಂಬಲ್ಲಿ ಪಬ್ಬಿನ ಮುಂದೆ ನಿಂತರೆ, ಕೇಟ್ಸ್ ಕಾಟೇಜ್ ದಾಟಿ ಬೆಟ್ಟದಿಂದ ನೇರವಾಗಿ ಇಳಿದು ಬರುವ ಬೈಕನ್ನು ದೂರದಿಂದಲೇ ಗುರುತಿಸಿ, ಅದು ಬ್ರೇಕ್ ಹಿಡಿದು ನಮ್ಮೆದುರೇ ಬಲಕ್ಕೆ ತಿರುಗುವವರೆಗೆ ನೋಡಬಹುದು.

ಬಲ್ಲಾಫ್ ಬ್ರಿಜ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹಳ್ಳಿಯ ನಡುವಿನ ಗೂನು ಬೆನ್ನಿನ ಸೇತುವೆಯದು. ಪಕ್ಕದಲ್ಲೇ 'ದ ರೇವನ್' ಎಂಬ ಪಬ್ಬು. ಬೈಕು ಕಾಣುವ ಮೊದಲು ಸದ್ದು ಬರುತ್ತದೆ: ಮೇಲಿನ ಗೇರಿನ ಒಂದೇ ಸಮನೆಯ ಕೂಗು, ಆಮೇಲೆ ಗೇರು ಒಂದೊಂದೇ ಇಳಿಯುವಾಗಿನ ಗುಟುರು. ಸೇತುವೆಯ ನೆತ್ತಿಯಲ್ಲಿ ಎರಡೂ ಚಕ್ರಗಳು ನೆಲ ಬಿಡುತ್ತವೆ, ಆ ಗಳಿಗೆ ಎಂಜಿನ್ನಿನ ಸ್ವರ ಒಮ್ಮೆಲೇ ಮೇಲೇರುತ್ತದೆ. ಪಳಗಿದ ಸವಾರ ಪಾದ ಇಡುವ ಪೆಗ್‌ಗಳ ಮೇಲೆ ಅರ್ಧ ಎದ್ದು ನಿಂತು ಹಿಂದಿನ ಚಕ್ರವನ್ನು ಮೊದಲು ನೆಲಕ್ಕೆ ತಾಗಿಸುತ್ತಾನೆ. ಮುಂದಿನ ಚಕ್ರ ಮೊದಲು ಬಿದ್ದರೆ ಹ್ಯಾಂಡಲ್ ಅದುರುತ್ತದೆ. ನಾಲ್ಕೈದು ಬೈಕು ಹಾದುಹೋಗುವಷ್ಟರಲ್ಲಿ ಯಾರು ಅನುಭವಸ್ಥರು, ಯಾರು ಹೊಸಬರು ಎಂದು ನೋಡುವವರಿಗೂ ತಿಳಿಯತೊಡಗುತ್ತದೆ.

ಸ್ವಂತ ವಾಹನ ಇಲ್ಲದವರಿಗೆ ಉತ್ತಮ ದಾರಿ ಹಳೆಯ ರೈಲು. ಡಗ್ಲಸ್‌ನಿಂದ ಪೂರ್ವ ಕರಾವಳಿಯುದ್ದಕ್ಕೂ ರ‍್ಯಾಮ್ಸಿಯವರೆಗೆ ಓಡುವ ವಿದ್ಯುತ್ ರೈಲು 1893ರಲ್ಲಿ ಆರಂಭವಾದದ್ದು. ಅದು ಕೋರ್ಸಿನ ಹೊರಗೇ ಸಾಗುವುದರಿಂದ ರಸ್ತೆ ಮುಚ್ಚಿದ್ದಾಗಲೂ ಉಪಯೋಗಕ್ಕೆ ಬರುತ್ತದೆ. ಲ್ಯಾಕ್ಸಿಯಲ್ಲಿ ಇಳಿದು, 1895ರಿಂದ ಓಡುತ್ತಿರುವ ಸ್ನೇಫೆಲ್ ಬೆಟ್ಟದ ರೈಲು ಹತ್ತಿದರೆ ಬಂಗಲೋ ಎಂಬ ತಿರುವಿನ ಪಕ್ಕದಲ್ಲೇ ಇಳಿಸುತ್ತದೆ. ಅಲ್ಲಿ ರಸ್ತೆ ದಾಟಲು ಕಾಲುಸೇತುವೆ ಇದೆ. ತಿರುವಿನತ್ತ ನೋಡುತ್ತ ಹೋಂಡಾ ಬೈಕಿನ ಮೇಲೆ ಕುಳಿತಿರುವ ಜೋಯಿ ಡನ್‌ಲಪ್ ಅವರ ಕಂಚಿನ ಪ್ರತಿಮೆಯೂ ಅಲ್ಲೇ ಇದೆ. 26 ಟಿಟಿ ಗೆದ್ದ ಅವರು 2000ದಲ್ಲಿ ಎಸ್ಟೋನಿಯಾದ ರೇಸಿನಲ್ಲಿ ತೀರಿಕೊಂಡರು. ಅವರ ದಾಖಲೆಯನ್ನು ಮುರಿದದ್ದು 2024ರಲ್ಲಿ, ಅವರ ತಮ್ಮನ ಮಗ ಮೈಕೆಲ್ ಡನ್‌ಲಪ್.

ರೇಸು ಓದುವುದನ್ನು ಕಲಿಯದೆ ಹೋದರೆ ಅರ್ಧ ಗಂಟೆಯಲ್ಲೇ ಬೇಸರ ಬರಬಹುದು. ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ, ಹತ್ತು ಸೆಕೆಂಡಿಗೊಬ್ಬರಂತೆ ಹೊರಡುತ್ತಾರೆ. ಸ್ಪರ್ಧೆ ಗಡಿಯಾರದೊಂದಿಗೆ, ರಸ್ತೆಯಲ್ಲಿ ಮುಂದಿರುವವರೇ ರೇಸಿನಲ್ಲಿ ಮುಂದಿದ್ದಾರೆ ಎನ್ನುವಂತಿಲ್ಲ. ಉದಾಹರಣೆಗೆ 1ನೇ ಸಂಖ್ಯೆಯ ಸವಾರ ಹೊರಟ 50 ಸೆಕೆಂಡಿನ ನಂತರ 6ನೇ ಸಂಖ್ಯೆಯವರು ಹೊರಡುತ್ತಾರೆ. ನಾವು ನಿಂತ ಜಾಗದಲ್ಲಿ 1ನೇ ಸಂಖ್ಯೆ ಹಾದುಹೋದ 46 ಸೆಕೆಂಡಿಗೇ 6ನೇ ಸಂಖ್ಯೆ ಬಂದರೆ, ಆ ಸವಾರ ನಾಲ್ಕು ಸೆಕೆಂಡು ಮುಂದಿದ್ದಾರೆ ಎಂದರ್ಥ. ಕೈಯಲ್ಲಿ ಒಂದು ಸ್ಟಾಪ್‌ವಾಚ್, ಸವಾರರ ಪಟ್ಟಿ, ಕಿವಿಯಲ್ಲಿ ದ್ವೀಪದ ಬಾನುಲಿಯಾದ ಮ್ಯಾಂಕ್ಸ್ ರೇಡಿಯೋದ ವೀಕ್ಷಕ ವಿವರಣೆ: ಈ ಮೂರಿದ್ದರೆ ಬೆಟ್ಟದ ಮೂಲೆಯಲ್ಲಿ ಕುಳಿತೂ ಇಡೀ ರೇಸನ್ನು ಹಿಂಬಾಲಿಸಬಹುದು. ಮೊಬೈಲ್ ಜಾಲವನ್ನೇ ನಂಬಿಕೊಳ್ಳದೆ ಚಿಕ್ಕದೊಂದು ರೇಡಿಯೋ ಒಯ್ಯುವುದು ಮೇಲು. ಸುತ್ತಿನ ದಾಖಲೆ 2023ರಲ್ಲಿ ಪೀಟರ್ ಹಿಕ್‌ಮನ್ ಸ್ಥಾಪಿಸಿದ್ದು: ಸರಾಸರಿ ಗಂಟೆಗೆ 136.358 ಮೈಲಿ, ಅಂದರೆ ಸುಮಾರು 219.4 ಕಿ.ಮೀ. ಹಾಗಾಗಿ ಮುಂಚೂಣಿಯ ಸವಾರರು ಒಮ್ಮೆ ಕಣ್ಣೆದುರು ಹಾದುಹೋದರೆ ಮತ್ತೆ ಬರಲು ಹದಿನೇಳು ನಿಮಿಷದ ಆಸುಪಾಸು ಹಿಡಿಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಸೈಡ್‌ಕಾರ್ ರೇಸನ್ನು, ಅಂದರೆ ಸವಾರನ ಜೊತೆ ಇನ್ನೊಬ್ಬನೂ ಇರುವ ಮೂರು ಚಕ್ರದ ಗಾಡಿಗಳ ರೇಸನ್ನು, ಕಡೆಗಣಿಸಬಾರದು. ತಿರುವಿಗೆ ತಕ್ಕಂತೆ ಜೊತೆಗಾರ ನೆಲಕ್ಕೆ ತಾಗುವಷ್ಟು ಹೊರಬಾಗುವುದನ್ನು ನಿಧಾನದ ತಿರುವೊಂದರಲ್ಲಿ ನಿಂತು ನೋಡಬೇಕು.

ನಿಯಮಗಳ ವಿಷಯದಲ್ಲಿ ಸಡಿಲಿಕೆ ಇಲ್ಲ. ರಸ್ತೆ ಮುಚ್ಚಿದ ಮೇಲೆ ಅದನ್ನು ದಾಟುವುದೂ, 'ನಿಷೇಧಿತ' ಎಂದು ಫಲಕ ಹಾಕಿದ ಜಾಗದಲ್ಲಿ ನಿಲ್ಲುವುದೂ ಕಾನೂನಿನ ಪ್ರಕಾರ ಅಪರಾಧ. ರೇಸನ್ನು ಕಾಯುವ ಮಾರ್ಷಲ್‌ಗಳು ಬಹುತೇಕ ಸ್ವಯಂಸೇವಕರು. ಅವರು 'ಹಿಂದೆ ಸರಿಯಿರಿ' ಎಂದರೆ ವಾದಕ್ಕಿಳಿಯದೆ ಸರಿಯಬೇಕು. ಕಲ್ಲುಗೋಡೆಯ ಮೇಲೆ ಕುಳಿತು ರಸ್ತೆಯ ಕಡೆ ಕಾಲು ಇಳಿಬಿಡಬಾರದು, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ, ಟೋಪಿಗಳನ್ನು ಗೋಡೆಯ ಮೇಲೆ ಇಡಬಾರದು, ಡ್ರೋನ್ ಹಾರಿಸಬಾರದು. ಮೌಂಟನ್ ಕೋರ್ಸಿನಲ್ಲಿ 1911ರಿಂದ ಈವರೆಗೆ 250ಕ್ಕೂ ಹೆಚ್ಚು ಸವಾರರು ಪ್ರಾಣ ಕಳೆದುಕೊಂಡಿದ್ದಾರೆ. 1972ರಲ್ಲಿ ಇಟಲಿಯ ಸವಾರ ಗಿಲ್ಬರ್ಟೊ ಪಾರ್ಲೊಟ್ಟಿ ಇಲ್ಲಿ ಸತ್ತ ಮೇಲೆ, ಹತ್ತು ಟಿಟಿ ಗೆದ್ದಿದ್ದ ಜಿಯಾಕೊಮೊ ಅಗೊಸ್ಟಿನಿ ಇಲ್ಲಿ ಮತ್ತೆ ಸ್ಪರ್ಧಿಸಲಿಲ್ಲ. 1976ರ ನಂತರ ಟಿಟಿ ವಿಶ್ವ ಚಾಂಪಿಯನ್‌ಷಿಪ್ಪಿನಿಂದ ಹೊರಬಿತ್ತು. ಸವಾರನೊಬ್ಬ ಪ್ರಾಣ ಕಳೆದುಕೊಳ್ಳುವ ದಿನವೇ ತಾನು ಅಲ್ಲಿರಬಹುದು ಎಂಬುದನ್ನು ಒಪ್ಪಿಕೊಂಡೇ ಹೋಗಬೇಕು. ರೇಸು ನಿಲ್ಲಿಸುವ ಕೆಂಪು ಬಾವುಟ ಕಂಡಾಗ ಊಹಾಪೋಹ ಹಬ್ಬಿಸದೆ, ಬಿದ್ದವರ ಚಿತ್ರ ತೆಗೆದು ಹಂಚದೆ, ಅಧಿಕೃತ ಪ್ರಕಟಣೆಗೆ ಕಾಯುವುದು ಅಲ್ಲಿನವರು ಪ್ರೇಕ್ಷಕರಿಂದ ಬಯಸುವ ಕನಿಷ್ಠ ಸೌಜನ್ಯ.

ಕಾಯುವಿಕೆ ಟಿಟಿಯ ಅವಿಭಾಜ್ಯ ಅಂಗ. 621 ಮೀಟರ್ ಎತ್ತರದ ಸ್ನೇಫೆಲ್ ಸುತ್ತಲಿನ ರಸ್ತೆಗೆ ಮಂಜು ಇಳಿದರೆ, ಮಳೆಗಾಲದ ಮಡಿಕೇರಿಯಂತೆ ಹತ್ತು ಹೆಜ್ಜೆಯಾಚೆ ಏನೂ ಕಾಣುವುದಿಲ್ಲ. ಸವಾರರಿಗೆ ದಾರಿ ಕಾಣದಿರುವುದಷ್ಟೇ ಅಲ್ಲ, ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರ್ ಹಾರಲಾಗದಿದ್ದರೆ ರೇಸು ಆರಂಭಿಸುವಂತಿಲ್ಲ. ಡಗ್ಲಸ್‌ನಲ್ಲಿ ಬಿಸಿಲಿರುವಾಗಲೂ ರೇಸು ಮುಂದಕ್ಕೆ ಹೋಗುವುದು ಇದರಿಂದಲೇ. ಬೆಚ್ಚನೆಯ ಒಳ ಉಡುಪು, ಗಾಳಿ ಮಳೆ ತಡೆಯುವ ಜಾಕೆಟ್ಟು, ಕಿವಿಗೆ ಇಯರ್‌ಪ್ಲಗ್, ಮಡಚುವ ಕುರ್ಚಿ, ದಿನಕ್ಕಾಗುವಷ್ಟು ನೀರು ಇರಲಿ. ಹಲವು ಜಾಗಗಳಲ್ಲಿ ಚರ್ಚಿನವರು ಮನೆಯಲ್ಲಿ ಮಾಡಿದ ಕೇಕು, ಚಹಾ ಮಾರುತ್ತಾರೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೊರಡುವುದು ಒಳಿತು.

ರೇಸಿಲ್ಲದ ಹೊತ್ತನ್ನು ಗ್ರ್ಯಾಂಡ್‌ಸ್ಟ್ಯಾಂಡಿನ ಹಿಂದಿನ ಪ್ಯಾಡಕ್‌ನಲ್ಲಿ ಕಳೆಯಬೇಕು. ಪ್ರವೇಶ ಉಚಿತ, ಮೆಕ್ಯಾನಿಕ್‌ಗಳು ಬೈಕು ಬಿಚ್ಚಿ ಜೋಡಿಸುವುದನ್ನು ಕೈಯಳತೆಯ ದೂರದಲ್ಲಿ ನೋಡಬಹುದು, ಸವಾರರೊಂದಿಗೆ ಮಾತಾಡಲೂಬಹುದು. ಬಾಡಿಗೆ ವಾಹನದಲ್ಲಿ ಕೋರ್ಸನ್ನು ಒಮ್ಮೆ ಸುತ್ತಿಬಂದರೆ ರೇಡಿಯೋದಲ್ಲಿ ಕೇಳುವ ಹೆಸರುಗಳಿಗೆಲ್ಲ ರೂಪ ಬರುತ್ತದೆ. ಆ ಎರಡು ವಾರ ಬೆಟ್ಟದ ರಸ್ತೆ ರ‍್ಯಾಮ್ಸಿಯಿಂದ ಡಗ್ಲಸ್ ಕಡೆಗೆ ಏಕಮುಖವಾಗಿರುತ್ತದೆ. ಅಲ್ಲಿ ವೇಗಮಿತಿ ಇಲ್ಲ ಎಂಬುದನ್ನೇ ಆಹ್ವಾನವೆಂದು ತಿಳಿದು ಬರುವ ಬೈಕ್ ಸವಾರರು ಬಹಳ. ಎಡಬದಿ ಹಿಡಿದು, ಹಿಂದಿನಿಂದ ಬರುವವರಿಗೆ ದಾರಿ ಬಿಟ್ಟು ಸಾಗಬೇಕು.

ಹಳೆಯ ಯಂತ್ರಗಳ ಮೇಲೇ ಹೆಚ್ಚು ಪ್ರೀತಿ ಇರುವವರು ಜೂನ್ ಬಿಟ್ಟು ಆಗಸ್ಟ್ ಕೊನೆಯಲ್ಲಿ ಹೋಗಬಹುದು. 1923ರಲ್ಲಿ ಹವ್ಯಾಸಿಗಳ ರೇಸಾಗಿ ಆರಂಭವಾದ ಮ್ಯಾಂಕ್ಸ್ ಗ್ರ್ಯಾಂಡ್ ಪ್ರೀ ಇದೇ ಕೋರ್ಸಿನಲ್ಲಿ ಆಗ ನಡೆಯುತ್ತದೆ. ಅದರಲ್ಲಿ ಕ್ಲಾಸಿಕ್ ಬೈಕುಗಳಿಗೆ ಪ್ರತ್ಯೇಕ ರೇಸುಗಳಿವೆ, ಜನಸಂದಣಿಯೂ ಕಡಿಮೆ. ಯಾವಾಗ ಹೋದರೂ, ಮರಳುವ ಮೊದಲು ಕೈಯಲ್ಲುಳಿದ ಮ್ಯಾಂಕ್ಸ್ ಪೌಂಡ್ ನೋಟುಗಳನ್ನು ದ್ವೀಪದಲ್ಲೇ ಬ್ರಿಟಿಷ್ ನೋಟುಗಳಿಗೆ ಬದಲಾಯಿಸಿಕೊಳ್ಳಬೇಕು. ಬೆಲೆ ಒಂದೇ ಆದರೂ ಅವುಗಳನ್ನು ಇಂಗ್ಲೆಂಡಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.