ಮಳೆ ಇಲ್ಲದ ದಿನವೂ ತೊಟ್ಟಿಕ್ಕುವ ಇಳಿಮಾಡು

ನಮ್ಮದು ಹೊಸನಗರ ತಾಲ್ಲೂಕಿನ ಹಳೇ ಹಂಚಿನ ಮನೆ. ಹಿತ್ತಿಲ ಗೋಡೆಗೆ ತಾಗಿದಂತೆ 20 ಅಡಿ ಉದ್ದ, 10 ಅಡಿ ಅಗಲದ ತಗಡಿನ ಇಳಿಮಾಡು ಇದೆ. ಸೌದೆ, ಗೋಣಿಚೀಲ, ದರ ಏರಲಿ ಅಂತ ಇಟ್ಟ ಕಾಳುಮೆಣಸು ಎಲ್ಲ ಅಲ್ಲೇ. ಕಟ್ಟಿಸಿದ ವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ ನೋಡಿದರೆ ಮೆಣಸಿನ ಚೀಲದ ಮೇಲೆ ಅಂಗೈ ಅಗಲ ಒದ್ದೆ. ಬಿಚ್ಚಿದರೆ ಒಳಗೆ ಬೂಸ್ಟು. ಮಳೆ ನಿಂತು ಎಷ್ಟೋ ದಿನವಾಗಿತ್ತು.

ಶೀಟು ಹಾಕಿದವರು ಬಂದು, ಸ್ಕ್ರೂ ಸೋರುತ್ತಿದೆ ಅಂತ ಒಂದೊಂದಕ್ಕೂ ಸಿಲಿಕಾನ್ ಮೆತ್ತಿ ಹೋದರು. ನಾನು ಇನ್ನೂ ಜಾಣತನ ಮಾಡಿ ಮೂರೂ ಬದಿಗೆ ನೀಲಿ ಟಾರ್ಪಾಲು ಬಿಗಿದೆ. ಮಾರನೇ ಬೆಳಿಗ್ಗೆ ಮೊದಲಿಗಿಂತ ಜಾಸ್ತಿ ನೀರು!

ತಗಡು ಬೆವರುತ್ತಿತ್ತು, ಅಷ್ಟೇ. ಮೋಡವಿಲ್ಲದ ರಾತ್ರಿ ತಗಡು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಹಿಡಿಸುತ್ತದೆ, 15 ಡಿಗ್ರಿಗೆ ಇಳಿದರೆ 13 ಗ್ರಾಂ. ಗಾಳಿ ಪೂರ್ತಿ ತೇವ ತುಂಬಿಕೊಂಡಿದ್ದರೆ, ಉಳಿದ 10 ಗ್ರಾಂ ಎಲ್ಲಾದರೂ ಅಂಟಲೇಬೇಕಲ್ವಾ? ನಮ್ಮ ಇಳಿಮಾಡಿನ ಅಳತೆಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ ಅರ್ಧ ಲೀಟರ್.

ಹಾಗಾಗಿ ಖರ್ಚಿಗೆ ಕೈ ಹಾಕುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿಕೊಳ್ಳಿ. ಮಳೆ ಬಂದಾಗ ಮಾತ್ರ, ಒಂದೇ ಜಾಗದಲ್ಲಿ ತೊಟ್ಟಿಕ್ಕಿದರೆ ಸೋರಿಕೆ. ಬೆಳಗಿನ ಜಾವ ತಗಡಿನ ಅಡಿಪೂರ್ತಿ ಹನಿ ಕೂತಿದ್ದರೆ ಬೆವರು. ನೆಲಕ್ಕೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಪ್ಲಾಸ್ಟಿಕ್ಕಿನ ಅಡಿ ಒದ್ದೆಯಾದರೆ ನೆಲದಿಂದ ಜಲ ಏಳುತ್ತಿದೆ. ಮೇಲೆ ಒದ್ದೆಯಾದರೆ ಗಾಳಿಯ ತೇವ. ನಮ್ಮಲ್ಲಿ ಧರೆ, ಅಂದರೆ ಹಿತ್ತಿಲ ಮಣ್ಣಿನ ದಿಬ್ಬದ ಕಡೆಯ ಮೂಲೆಯಲ್ಲಿ ಅಡಿಯೂ ಒದ್ದೆ, ಮೇಲೂ ಒದ್ದೆ.

ನಾನು ಮೊದಲು ಮಾಡಿದ್ದು ಟಾರ್ಪಾಲು ಬಿಚ್ಚಿದ್ದು. ತೇವದ ಬೆಚ್ಚನೆ ಗಾಳಿ ಮೇಲಕ್ಕೇರಿ, ಇಳಿಮಾಡು ಗೋಡೆಗೆ ಸೇರುವ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ನಾಲ್ಕಿಂಚು ಸಂದು ಬಿಡಿಸಿದೆ. ಮೇಲೆ ಮನೆಯ ಸೂರು ಚಾಚಿರುವುದರಿಂದ ಮಳೆ ಬೀಳುವುದಿಲ್ಲ. ನಿಮ್ಮಲ್ಲಿ ಸೂರು ಇಲ್ಲದಿದ್ದರೆ ಎರಡು ಪಕ್ಕದ ತ್ರಿಕೋನದ ಜಾಗ ತೆರೆಯಿರಿ. ಕೆಳಗೆ, ಎದುರು ಬದಿಯಲ್ಲಿ, ನೆಲದಿಂದ ಅರ್ಧ ಅಡಿ ಖಾಲಿ. ಎರಡಕ್ಕೂ ಕಾಲಿಂಚು ಕಂಡಿಯ ಜಾಲರಿ ಹೊಡೆಸಿ, ಇಲ್ಲದಿದ್ದರೆ ಇಲಿಗೆ ನೀವೇ ಬಾಗಿಲು ತೆಗೆದ ಹಾಗೆ. ಇರಚಲು ಹೊಡೆಯುವ ಪಡುವಣ ಬದಿಗೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಓರೆಯಾಗಿ, ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ಕಟ್ಟಿದ್ದೇನೆ. ಗಾಳಿ ಬರುತ್ತದೆ, ನೀರು ಬರುವುದಿಲ್ಲ.

ಅತ್ತೆ ತಗಡಿನ ಮೇಲೆ ಸೋಗೆ ಹೊದೆಸು ಅಂದರು. ಬೆವರು ಕಡಿಮೆಯಾಗಿದ್ದು ನಿಜ. ಆದರೆ ಒದ್ದೆ ಸೋಗೆಯಡಿ ತಗಡು ತುಕ್ಕು ಹಿಡಿಯತೊಡಗಿತು, ತೆಗೆದೆ. ಆಮೇಲೆ ತಗಡಿನ ಅಡಿಗೆ ಬೆಳ್ಳಿ ಬಣ್ಣದ ಫಾಯಿಲ್ ಇರುವ ಫೋಮ್ ಹಾಳೆ ಅಂಟಿಸಿ, ಸೇರುವಲ್ಲೆಲ್ಲ ಟೇಪು ಹಾಕಿಸಿದೆ. ಟೇಪು ಬಿಟ್ಟರೆ ಕೆಲಸ ಕೆಟ್ಟಿತು. ಸಂದಿಯಲ್ಲಿ ಗಾಳಿ ನುಗ್ಗಿ ಹಾಳೆಯ ಹಿಂದೆಯೇ ಹನಿ ಕೂರುತ್ತದೆ.

ನೆಲದ ಜಲಕ್ಕೆ ಮದ್ದು ಹೊರಗಡೆ. ಧರೆ ಮತ್ತು ಇಳಿಮಾಡಿನ ನಡುವೆ, ನೆಲಕ್ಕಿಂತ ಒಂದಡಿ ತಗ್ಗಾಗಿ ಚರಂಡಿ ತೋಡಿಸಿದೆವು. ಒಳಗೆ ಎಲ್ಲವೂ ದಬ್ಬೆ ಅಟ್ಟಣೆಯ ಮೇಲೆ, ಗೋಡೆಯಿಂದ ಗೇಣು ದೂರ.

ಇನ್ನು ನಾವೇ ಒಳಗೆ ಹೊತ್ತು ತರುವ ನೀರು. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅದನ್ನು ಹೊರಗೆ ಒಣಗಿಸದೆ ಒಟ್ಟಬೇಡಿ. ಒದ್ದೆ ಕಂಬಳಿಕೊಪ್ಪೆ, ಬಟ್ಟೆ ಹರವುವುದೂ ಬೇಡ. ಹಬ್ಬಕ್ಕೆ ಅಲ್ಲೇ ಗ್ಯಾಸ್ ಒಲೆ ಇಟ್ಟು ಕಜ್ಜಾಯ ಕರಿಯುತ್ತಿದ್ದೆ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗೂ ಜಾಸ್ತಿ ನೀರಾವಿ ಹುಟ್ಟುತ್ತದೆ ಅಂತ ಗೊತ್ತಾದ ಮೇಲೆ ಒಲೆ ಜಗಲಿಗೆ ಹೋಯಿತು.

ಆರಿದ್ರಾ, ಪುನರ್ವಸು ಮಳೆಯಲ್ಲಿ ಹೊರಗಿನ ಗಾಳಿಯೇ ನೀರು. ಆಗ ಎಷ್ಟು ತೆರೆದಿಟ್ಟರೂ ಸುಮ್ನೆ, ಏನೂ ಒಣಗುವುದಿಲ್ಲ. ಬೂಸ್ಟು ಹಿಡಿಯುವಂಥದ್ದನ್ನು ಮೇ ತಿಂಗಳ ಬಿಸಿಲಿನಲ್ಲೇ ಗರಿಗರಿ ಒಣಗಿಸಿ, ಆರಿದ ಮೇಲೆ ರಬ್ಬರ್ ರಿಂಗಿನ ಮುಚ್ಚಳದ ಡ್ರಮ್ಮಿಗೆ ತುಂಬಿ. ಬಿಸಿಬಿಸಿ ತುಂಬಿದರೆ ಡ್ರಮ್ಮೂ ಒಳಗೆ ಬೆವರುತ್ತದೆ. ಮಧ್ಯೆ ಮಳೆ ಬಿಟ್ಟು ಹೊಳವಾಯಿತು ಅಂತ ಆಸೆಗೆ ಮುಚ್ಚಳ ತೆಗೆಯಲು ಹೋಗಬೇಡಿ, ನಾನು ಒಮ್ಮೆ ತೆಗೆದು ಕೆಟ್ಟೆ.

ಹೋದ ಡಿಸೆಂಬರಿನಲ್ಲಿ ಐದಾರು ದಿನ ಟಾರ್ಚು ಹಿಡಿದು ಬೆಳಗಿನ ಜಾವ ಹೋಗಿ ನೋಡಿದೆ. ಹನಿ ಇಲ್ಲ. ಮಳೆ ಬಂದಾಗ ಮಾತ್ರ ಬಾಗಿಲ ಹತ್ತಿರ ಒಂದು ಕಡೆ ತೊಟ್ಟಿಕ್ಕುತ್ತದೆ. ಅದು ಸ್ಕ್ರೂವೇ, ವಾಷರ್ ಹೋಗಿದೆ. ಸದ್ಯಕ್ಕೆ ಕೆಳಗೆ ಬಕೆಟ್ ಇಟ್ಟಿದ್ದೇನೆ.